ಸಿಡಿಲಿನ ಡಬ್ಬಿ

ಅಮೋಘಸಿದ್ದಪ್ಪನ ಹೆಣವನ್ನು ಕಟ್ಟೆಯ ಮೇಲೆ ಕೂಡಿಸಿ ಗೋಡೆಗೆ ಒರಗಿಸಿದರೂ ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಅಲ್ತಮಶ ಎರಡೂ ಕೈಗಳಿಂದ ಕೆನ್ನೆ ಹಿಡಿದು ನಿಂತ. ಪಕ್ಕದ ವೆಲ್ಡಿಂಗ್ ಅಂಗಡಿಯ ಗುರುನಾಥ ಧೋತರದ ಪಟ್ಟಿಯೊಂದನ್ನು ಹಣೆಗೆ ಸುತ್ತಿ ಕಿಟಕಿಯ ಸರಳಿಗೆ ಬಿಗಿದ.

"ಬಿಡೋ ಈಗ, ನಿಲ್ತು," ಅಂದ ಗುರುನಾಥ.

ಅಲ್ತಮಶ ಬಿಡಲಿಲ್ಲ.

ಅವನು ಬೆಳಗಿನ ಬಸ್ಸಿಗೆ ರಾಮದುರ್ಗದಿಂದ ಬಂದಿದ್ದ. ಅಲ್ಲಿ ಅವನದು ಮೊಬೈಲ್ ರಿಪೇರಿ ಅಂಗಡಿ. ಸುರೇಬಾನದಲ್ಲಿ ಪಂಪ್‌ಸೆಟ್ಟಿನ ಮೋಟರ್ ಕಟ್ಟುವ ಅಮೋಘಸಿದ್ದಪ್ಪನಿಗೂ ಅವನಿಗೂ ಇದ್ದದ್ದು ತಂತಿ, ಬೆಸುಗೆ, ಸುಟ್ಟ ವಾಸನೆಯ ನಂಟು. ಎಂಟು ವರ್ಷದಿಂದ ಕಾಕಾ ಎಂದೇ ಕರೆಯುತ್ತಿದ್ದ. ನಿನ್ನೆ ಮಧ್ಯಾಹ್ನ ಹೊಲದ ಬದುವಿನಲ್ಲಿ ಒಬ್ಬನೇ ಕಂಬ ನೆಡುತ್ತಿದ್ದ ಕಾಕಾ ಎದೆ ಹಿಡಿದು ಕುಸಿದವನು ಮತ್ತೆ ಏಳಲಿಲ್ಲ. ಐವತ್ತಾರು ದಾಟಿರಲಿಲ್ಲ.

ಹೆಂಡತಿ ಸುಂದರವ್ವ ಅಳುತ್ತಿರಲಿಲ್ಲ. ಗಂಡನ ಉಗುರಿನೊಳಗೆ ಕೂತಿದ್ದ ವಾರ್ನಿಶ್ ಕರೆಯನ್ನು ಸೆರಗಿನಿಂದ ತಿಕ್ಕುತ್ತಿದ್ದಳು.

"ಐದ ತಿಂಗಳಾತು ಅಲ್ತಮಶ. ಬಾಯಾಗ ತುತ್ತ ಇಡೂಮುಂದ ಎದ್ದ ಹೋಗ್ತಿದ್ರು. ನಾ ತೆಗದೆ, ನಾ ತೆಗದೆ ಅಂತಿದ್ರು. ನಿನ್ನ ಮುಂದರೆ ಏನರ ಹೇಳಿದ್ರೇನು?"

"ಇಲ್ಲ ಕಾಕಿ," ಅಂದ. ಕಾಕಾನ ಹಣೆಯ ಪಟ್ಟಿಯನ್ನು ಸುಮ್ಮನೆ ಸರಿಪಡಿಸಿದ.

*

ಮಾರ್ಚಿನಲ್ಲಿ ಕಾಕಾನ ಮೇಜಿನ ಮೇಲೆ ನಾಲ್ಕು ಸೆನ್ಸರ್ ಹರಡಿದ್ದವು. ಮನೆಯಲ್ಲೇ ಹವಾಮಾನ ಕೇಂದ್ರ ಕಟ್ಟುವ ಹುಚ್ಚು ಕಾಕಾನದು. ಫೋನಿನಲ್ಲಿ ಹುಡುಕಿ ಹುಡುಕಿ ತರಿಸಿದವನು ಅಲ್ತಮಶ. ಮಳೆ ಅಳೆಯುವ ಬುಟ್ಟಿ, ಗಾಳಿಗೆ ತಿರುಗುವ ಬಟ್ಟಲು, ಹವೆಯ ಒತ್ತಡವನ್ನೂ ತೇವವನ್ನೂ ಹೇಳುವ ಚೂರು, ಮತ್ತೆ ದೂರದ ಸಿಡಿಲನ್ನು ಹಿಡಿಯುವ, ಹೆಬ್ಬೆರಳಿನಷ್ಟು ಅಗಲದ ಸರ್ಕಿಟ್ ಹಲಗೆ.

ಕಾಕಾ ಉಳಿದ ಮೂರನ್ನೂ ಅತ್ತ ಸರಿಸಿದ.

"ಮಳಿ ಎಷ್ಟ ಆತು ಅಂತ ಆದಮ್ಯಾಲೆ ಹೇಳೂದು ಯಾವ ಶಾಣ್ಯಾತನಲೇ? ಸಿಡ್ಲ ಬೀಳೂಕಿಂತ ಮೊದ್ಲ ಹೇಳೂದು ಬೇಕು. ನನ್ನ ತಂಗಿ ಹನ್ನೆರಡ ವರ್ಷದಾಕಿ, ಬೇವಿನ ಗಿಡದ ಬುಡಕ ನಿಂತಿದ್ಲು. ಓಡು ಅನ್ನಾಕ ಯಾರೂ ಇರ್ಲಿಲ್ಲ."

ಆ ಹಲಗೆಯನ್ನು ಡಬ್ಬಿಯಲ್ಲಿಟ್ಟು, ಅಂಗಡಿಯ ಮಾಳಿಗೆಯ ಮೇಲೆ ಕಂಬಕ್ಕೆ ಕಟ್ಟಿ, ಕೆಳಗೊಂದು ಸೈರನ್ ಕೂಡಿಸಿದರು. ಊರವರು ಅದಕ್ಕೆ ಸಿಡಿಲಿನ ಡಬ್ಬಿ ಅಂದರು. ಮೊದಲ ವಾರವೇ ಮೂರು ಸಲ ಕೂಗಿತು. ಮೂರು ಸಲವೂ ಕಬ್ಬಿನ ಕಳೆ ತೆಗೆಯುತ್ತಿದ್ದ ಹೆಂಗಸರು ಬಿದ್ದೆದ್ದು ಊರಿಗೆ ಓಡಿ ಬಂದರು. ಆಕಾಶ ತೊಳೆದ ತಾಟಿನ ಹಾಗಿತ್ತು. ಪಕ್ಕದಲ್ಲಿ ಗುರುನಾಥ ಗೇಟು ವೆಲ್ಡ್ ಮಾಡುತ್ತಿದ್ದ. ಆ ಕಿಡಿಗೂ ಸಿಡಿಲಿಗೂ ಡಬ್ಬಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಹೆಂಗಸರ ತಂಡ ನಡೆಸುವ ಮರೆವ್ವ ಕಳೆ ಕೀಳುವ ಕುರ್ಪಿ ಹಿಡಿದುಕೊಂಡೇ ಅಂಗಡಿಗೆ ಬಂದಳು. ಹಿಂದೆ ಅವಳ ಮಗಳು ಶಿವಾನಿ ನಗು ತಡೆದುಕೊಂಡು ನಿಂತಿದ್ದಳು.

"ಅರ್ಧಾ ದಿನದ ಕೂಲಿ ನೀ ಕೊಡ್ತಿಯೇನಪಾ? ಅದನ್ನ ಬಂದ್ ಮಾಡ್ತಿಯೋ, ನಾ ಒಡದ ಹಾಕ್ಲೋ?"

ಅವರು ಹೋದ ಮೇಲೆ ಕಾಕಾ ಮೆಲ್ಲಗೆ ಅಂದ, "ಊರ ಹೊರಗ, ಹೊಲದಾಗ ನೆಟ್ರ ಹೆಂಗ?"

"ಅಲ್ಲಿ ಕರೆಂಟ್ ಎಲ್ಲಿಂದ ತರ್ತಿ ಕಾಕಾ? ಒತ್ತಡದ್ದ ಹಚ್ಚೂಣು. ಮಳಿ ಬರೂಮುಂದ ಒತ್ತಡ ಇಳೀತೈತಿ, ಆವಾಗ ಕೂಗ್ತೈತಿ. ಸಾಕು ಅಷ್ಟು."

ಸಾಕು ಎನ್ನುವಾಗಲೇ, ಅದು ಸಾಕಾಗಲಿಕ್ಕಿಲ್ಲ ಎಂಬ ಅನುಮಾನ ಅಲ್ತಮಶನಿಗಿತ್ತು. ಆದರೆ ರಾಮದುರ್ಗದ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು, ಬಸ್ಸಿನ ಹೊತ್ತಾಗಿತ್ತು. ತಾನೇ ಮಾಳಿಗೆ ಹತ್ತಿ, ಸ್ಕ್ರೂ ಬಿಚ್ಚಿ, ಡಬ್ಬಿಗೆ ಒತ್ತಡದ ಚೂರು ಕೂಡಿಸಿ, ಸಿಡಿಲಿನ ಹಲಗೆಯನ್ನು ಕಾಕಾನ ಡ್ರಾವರಿಗೆ ಹಾಕಿ ಹೋದ.

ಮೇ ಹನ್ನೊಂದಕ್ಕೆ ಮಳೆಯೇ ಬರಲಿಲ್ಲ. ಒಂದು ಹನಿಯೂ ಬೀಳಲಿಲ್ಲ. ಬರೀ ಸಿಡಿಲು ಬಿತ್ತು. ಒತ್ತಡ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಸೈರನ್ ಸುಮ್ಮನಿತ್ತು. ಕಬ್ಬಿನ ಸಾಲಿನಲ್ಲಿ ಶಿವಾನಿ ಮಗ್ಗುಲಾಗಿ ಬಿದ್ದಿದ್ದಳು. ಹತ್ತೊಂಬತ್ತು ವರ್ಷ.

"ಡಬ್ಬಿ ಯಾಕ ಕೂಗ್ಲಿಲ್ಲ? ಅದರಾಗಿನ ಸಿಡ್ಲಿನ ಹಲಗಿ ಯಾರ ತೆಗದ್ರು?" ಹೆಣದ ಸುತ್ತ ನೆರೆದವರು ಕೇಳಿದರು.

"ನಾ ತೆಗದೆ," ಅಂದ ಕಾಕಾ.

ಸುದ್ದಿ ತಿಳಿದು ರಾಮದುರ್ಗದಿಂದ ಬಂದು ಗುಂಪಿನಲ್ಲಿ ನಿಂತಿದ್ದ ಅಲ್ತಮಶ ಬಾಯಿ ತೆರೆದ. ಕಾಕಾ ಅವನ ಕಡೆ ನೋಡಲೇ ಇಲ್ಲ. ತೆರೆದ ಬಾಯಿ ಹಾಗೇ ಮುಚ್ಚಿತು. ಅವತ್ತಿನಿಂದ ಅವನು ಸುರೇಬಾನಕ್ಕೆ ಕಾಲಿಟ್ಟಿರಲಿಲ್ಲ.

*

ಕಾಕಾನನ್ನು ಅವನ ಹೊಲದಲ್ಲೇ ಮಣ್ಣು ಮಾಡಿದರು. ಬದುವಿನ ಮೇಲೆ ಅರ್ಧ ನೆಟ್ಟ ಕಂಬ ವಾರೆಯಾಗಿ ನಿಂತಿತ್ತು. ಅದರ ತುದಿಗೆ ಸಿಡಿಲಿನ ಡಬ್ಬಿ, ಸಣ್ಣದೊಂದು ಸೋಲಾರ್ ಹಲಗೆ. ತಂತಿಗಳನ್ನು ಇನ್ನೂ ಕೂಡಿಸಿರಲಿಲ್ಲ. ಅಲ್ತಮಶ ಸುತ್ತ ನೋಡಿದ. ವೆಲ್ಡಿಂಗ್ ಇಲ್ಲ, ಮೋಟರ್ ಇಲ್ಲ, ಕರೆಂಟಿನ ತಂತಿಯೂ ಇಲ್ಲ. ತಪ್ಪು ಸೆನ್ಸರಿನದಾಗಿರಲಿಲ್ಲ, ಜಾಗದ್ದಾಗಿತ್ತು. ಕಾಕಾ ಅದನ್ನು ಮೊದಲೇ ಹೇಳಿದ್ದ.

ಮರೆವ್ವ ಬಂದಾಗ ಜನ ಗುಸುಗುಸು ನಿಲ್ಲಿಸಿದರು. ಜಗಳ ತೆಗೆಯುತ್ತಾಳೆಂದು ಗುರುನಾಥ ಎರಡು ಹೆಜ್ಜೆ ಮುಂದೆ ಬಂದ. ಅವಳು ಯಾರನ್ನೂ ನೋಡದೆ ಒಂದು ಹಿಡಿ ಮಣ್ಣು ಹಾಕಿ ಅಲ್ಲೇ ಕುಳಿತಳು. ಎಲ್ಲರೂ ಊರ ಕಡೆ ಹೊರಟ ಮೇಲೂ ಏಳಲಿಲ್ಲ. ಅಲ್ತಮಶ ಹೋಗಿ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ.

"ಮರೆವ್ವಾಯಿ, ಆ ಡಬ್ಬ್ಯಾಗಿನ ಹಲಗಿ ಕಾಕಾ ತೆಗೀಲಿಲ್ಲ. ನಾ ತೆಗದೆ. ನನ್ನ ಕೈಲೆ ಸ್ಕ್ರೂ ಬಿಚ್ಚೇನಿ."

ಅವಳು ಕೈಗೆ ಅಂಟಿದ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು.

"ಅವಾ ದಿನಾ ಮುಂಜಾನೆ ನಮ್ಮ ಬಾಗಲಾಗ ಬಂದ ಕುಂದರ್ತಿದ್ದ. ಚಾ ಕೊಟ್ರ ಮುಟ್ಟತಿದ್ದಿಲ್ಲ. ಒಂದ ದಿನಾನೂ ನಿನ್ನ ಹೆಸರ ಎತ್ತಲಿಲ್ಲ."

"ಗೊತ್ತೈತಿ."

"ಗೊತ್ತಿದ್ದೂ ಬರ್ಲಿಲ್ಲ ನೀ."

ಅಲ್ತಮಶ ತಲೆ ತಗ್ಗಿಸಿದ. ಹೊಡೆದರೆ ಹೊಡೆಯಲಿ ಎಂದು ಕಾದ. ಅವಳು ಗುಡ್ಡೆಯ ಹಸಿ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಬೆರಳಲ್ಲಿ ಪುಡಿ ಮಾಡತೊಡಗಿದಳು.

"ಬಂದ್ ಮಾಡು ಅಂದಾಕಿ ನಾನ ಅಲ್ಲೇನೋ ತಮ್ಮಾ? ಕುರ್ಪಿ ಹಿಡಕೊಂಡ ಬಂದಿದ್ನಿ. ಅವಾ 'ನಾ ತೆಗದೆ ಯವ್ವಾ' ಅಂದಾಗೆಲ್ಲಾ 'ಹೌದು, ನೀನ ಕೊಂದಿ' ಅಂತಿದ್ನಿ. ಹಂಗ ಅಂದ್ರ ಅರ್ಧಾ ತಾಸ ಎದಿ ಹಗುರಾಗ್ತಿತ್ತು. ನನ್ನ ಎದಿ ಹಗುರ ಆಗ್ಲಿ ಅಂತನ ಬರ್ತಿದ್ದನೋ ಏನೋ, ದಿನಾ ಅನ್ನಿಸ್ಕೊಂಡ ಹೋಗ್ತಿದ್ದ." ಪುಡಿಯಾದ ಮಣ್ಣನ್ನು ಗುಡ್ಡೆಯ ಮೇಲೆ ಉದುರಿಸಿದಳು. "ನಾಳಿಂದ ಯಾರಿಗನ್ಲಿ? ನಿನಗ ಅನ್ಲೇನು? ಬರ್ತಿಯೇನು ದಿನಾ?"

"ಬರ್ತೇನಿ," ಅಂದ ಅಲ್ತಮಶ.

"ನೀ ಬರೂದಿಲ್ಲ," ಅಂದಳು ಮರೆವ್ವ.

ಪಡುವಣ ದಿಕ್ಕಿನಲ್ಲಿ ಏನೋ ಉರುಳಿದ ಸದ್ದಾಯಿತು. ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ನೆತ್ತಿಯ ಮೇಲೆ ಬಿಸಿಲೇ ಇತ್ತು. ದೂರದಲ್ಲಿ ಮಾತ್ರ ಒಂದು ಕಪ್ಪು ಮೋಡದ ಅಂಚು ಬೆಳ್ಳಗೆ ಅದುರಿತು. ಎರಡು ಹೊಲದಾಚೆ ಏಳೆಂಟು ಹೆಂಗಸರು ಸಾಲು ಹಿಡಿದು ಶೇಂಗಾ ಕೀಳುತ್ತಿದ್ದರು.

ಮರೆವ್ವ ನೆಲಕ್ಕೆ ಕೈಯೂರಿದಳು. "ಓಡೋ!" ಎಂದು ಚೀರಿದಳು. ಅಷ್ಟರಲ್ಲಿ ಅಲ್ತಮಶ ಬದು ಜಿಗಿದಿದ್ದ. ಒಂದು ಚಪ್ಪಲಿ ಎರೆಮಣ್ಣಿನಲ್ಲೇ ಉಳಿಯಿತು. "ಮನಿಗೆ ನಡೀರಿ! ಸಿಡ್ಲ ಬರಾಕ್ಹತ್ತೈತಿ, ನಡೀರಿ!" ಎಂದು ಕೂಗಿದ. ಗಾಳಿ ಎದುರಿನಿಂದ ಬೀಸುತ್ತಿತ್ತು.

ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಎರಡೂ ಕೈ ಮೇಲೆತ್ತಿ, ಬಿಸಿಲಲ್ಲಿ, ಒಂದೇ ಚಪ್ಪಲಿಯಲ್ಲಿ ಎಡವುತ್ತ ಬರುತ್ತಿದ್ದ ಗಂಡಸನ್ನು ಕಂಡು ಒಬ್ಬಳು ಏನೋ ಅಂದಳು. ಉಳಿದವರು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಮತ್ತೆ ಬಗ್ಗಿದರು.