ಬಿಳಿಗೆರೆಯ ಸೆಗಣಿ ಉಪ್ಪಿನಕಾಯಿ

ತೆಂಗಿನ ಸೀಮೆಯಲ್ಲಿ ಸೌದೆಗೇನು ಬರ ಎನ್ನುತ್ತಾರೆ. ಹಾಗೆನ್ನುವವರು ಗಂಡಸರು. ಒಲೆ ಮುಂದೆ ಕೂರುವವರನ್ನು ಕೇಳಿ ನೋಡಿ. ಗರಿ ಭಗ್ಗೆಂದು ಉರಿದು ಬೂದಿಯಾಗುತ್ತದೆ. ಗರಿಯ ಬುಡದ ಎಡೆಮಟ್ಟೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಬಿಳಿಗೆರೆಯ ವಿಮಲಮ್ಮನವರ ಕಣ್ಣುಗಳು ಸದಾ ಕೆಂಪಗಿರುತ್ತಿದ್ದವು. ತಿಪಟೂರಿನ ಡಾಕ್ಟರು ನೋಡಿ, “ಹೊಗೆಯಿಂದ ದೂರ ಇರಮ್ಮ, ಇಲ್ದಿದ್ರೆ ಕಣ್ಣಿಗೆ ಕಷ್ಟ” ಎಂದರು. ಒಲೆಯಿಂದ ದೂರ ಇದ್ದು ಮುದ್ದೆ ತೊಳಸುವುದು ಹೇಗೆಂದು ಮಾತ್ರ ಅವರು ಹೇಳಲಿಲ್ಲ.

ಅದನ್ನು ಹೇಳಿದ್ದು ರೇವಣಸಿದ್ದಯ್ಯ. ಎಸ್ಸೆಸ್ಸೆಲ್ಸಿ ಮುಗಿಸಿ ತಿಪಟೂರಿನ ವೆಲ್ಡಿಂಗ್ ಅಂಗಡಿಗೆ ಸೇರಿ, ಹತ್ತು ವರ್ಷ ಊರೂರು ಸುತ್ತಿ ಪಂಪ್‌ಸೆಟ್ ರಿಪೇರಿ ಮಾಡಿದವನು. ತಾಯಿ ಶಿವರುದ್ರಮ್ಮ ಹೊಗೆಯಲ್ಲಿ ಕೆಮ್ಮುವುದನ್ನು ನೋಡಲಾರದೆ, ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಮನೆಯ ಹಿತ್ತಲಲ್ಲೇ ಗೋಬರ್ ಗ್ಯಾಸಿನ ತೊಟ್ಟಿ ಕಟ್ಟಿದ. ಅದರ ಮೇಲಿನ ಕಬ್ಬಿಣದ ಡ್ರಮ್ಮನ್ನು ತಾನೇ ಬೆಸೆದ. ತಾಯಿಯ ಕೆಮ್ಮು ತಗ್ಗಿದ ಮೇಲೆ ಹುಳಿಯಾರು ರಸ್ತೆಯಲ್ಲಿ ಒಂದು ಶೆಡ್ ಹಾಕಿ, ಅದನ್ನೇ ಕಸುಬು ಮಾಡಿಕೊಂಡ. ಜನ “ಸೆಗಣಿ ಸಿದ್ದಯ್ಯ” ಎಂದು ಹೆಸರಿಟ್ಟರು. ಅವನೂ ನಗುತ್ತಿದ್ದ, ಆದರೆ ಆ ಹೆಸರು ಅವನಿಗೆ ಚುಚ್ಚುತ್ತಿತ್ತು.

ವಿಮಲಮ್ಮನವರ ಯಜಮಾನರು ವೀರಭದ್ರಯ್ಯ. ಮರಗಳೆಂದರೆ ಅವರಿಗೆ ಮಕ್ಕಳಿಗಿಂತ ಹೆಚ್ಚು.

“ಅಲ್ಲ ಕಣ್ಲಾ ರೇವಣ್ಣ,” ಎಂದರು, ತಮ್ಮ ಹಿತ್ತಲಲ್ಲೂ ತೊಟ್ಟಿ ಕಟ್ಟುವ ಮಾತೆತ್ತಿದ ರೇವಣಸಿದ್ದಯ್ಯನಿಗೆ, “ಸೆಗಣಿ ಸತ್ವನೆಲ್ಲ ನೀನು ಒಲೇಲಿ ಉರ್ಸಿಬುಟ್ರೆ ನನ್ನ ಮರಕ್ಕೆ ಏನು ಉಳೀತದೆ? ಹೀಚು ಉದುರ್ತಾವೆ ಅಷ್ಟೆ.”

“ಸತ್ವ ಎಲ್ಲೂ ಹೋಗಲ್ಲ ವೀರಭದ್ರಣ್ಣ. ಉರಿಯೋದು ಗಾಳಿ ಮಾತ್ರ. ಗೊಬ್ಬರ ಹೊರಗೆ ಬರೋ ಬಗ್ಗಡದಲ್ಲೇ ಇರ್ತದೆ.”

“ಹಾಲಿಂದ ಬೆಣ್ಣೆ ತೆಗೆದ ಮೇಲೂ ಹಾಲೇ ಅಂತೀಯಲ್ಲಪ್ಪ!”

“ಮಜ್ಜಿಗೆ ಕುಡ್ದು ಯಾರೂ ಸತ್ತಿಲ್ಲ ಕಣ್ರೀ,” ಎಂದು ಒಳಗಿನಿಂದ ವಿಮಲಮ್ಮ ಕೂಗಿದರು. “ಮರ ನೋಡ್ತೀರಿ, ಹೆಂಡ್ತಿ ಕಣ್ಣು ಒಂದ್ಸಲನಾದ್ರೂ ನೋಡಿದೀರಾ?”

ಮರುವಾರವೇ ವೀರಭದ್ರಯ್ಯ ಗುಂಡಿ ತೋಡಿಸಿದರು. ತೊಟ್ಟಿ ಕಟ್ಟಿಸಿದರು. ತಿಂಗಳಲ್ಲಿ ನೀಲಿ ಉರಿ ಬಂತು. ಅರ್ಧ ಊರು ಬಂದು ಆ ಒಲೆಯಲ್ಲಿ ಕಾಸಿದ ಕಾಫಿ ಕುಡಿದು ಹೋಯಿತು. ಹನ್ನೊಂದು ಮನೆಯವರು ನಮಗೂ ಬೇಕೆಂದರು. ರೇವಣಸಿದ್ದಯ್ಯ ಆ ಧೈರ್ಯದ ಮೇಲೆ ಕಬ್ಬಿಣ ತಂದು ಡ್ರಮ್ಮುಗಳನ್ನು ಬೆಸೆಯತೊಡಗಿದ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಉರಿ ಸಣ್ಣಗಾಯಿತು. ಒಂದು ಬೆಳಿಗ್ಗೆ ಹತ್ತಲೇ ಇಲ್ಲ. ಗ್ಯಾಸಿದ್ದರೆ ಮೇಲೇಳಬೇಕಾದ ಡ್ರಮ್ಮು ತೊಟ್ಟಿಯೊಳಗೆ ತಳ ಕಂಡಿತ್ತು. ವಿಮಲಮ್ಮ ಮತ್ತೆ ಊದುಗೊಳವೆ ಹಿಡಿದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಹನ್ನೊಂದು ಮನೆಯವರೂ ಹಿಂದೆ ಸರಿದರು. ಅವರ ಪರವಾಗಿ ಸಣ್ಣತಿಮ್ಮಯ್ಯ ಶೆಡ್ಡಿಗೇ ಬಂದು ಹೇಳಿದ: “ಬರೋ ಸೋಮವಾರ ಬುಟ್ಟು ಅದರಾಚೆ ಸೋಮವಾರ ಎಲ್ರೂ ವೀರಭದ್ರಯ್ಯನೋರ ಜಗಲಿಗೆ ಬತ್ತೀವಿ. ಒಲೆ ಹತ್ತಿದ್ರೆ ಸರಿ. ಇಲ್ದಿದ್ರೆ ನಿನ್ನ ಡ್ರಮ್ಮು ನೀನೇ ಇಟ್ಕೊ.”

ಹನ್ನೊಂದು ದಿನ ಉಳಿದಿತ್ತು. ಒಲೆ ಹತ್ತದಿದ್ದರೆ ಶೆಡ್ಡಿಗೆ ಬೀಗ. ಅದಕ್ಕಿಂತ ಹೆಚ್ಚಾಗಿ, ಇನ್ನಿಪ್ಪತ್ತು ವರ್ಷ ಆ ಸುತ್ತಿನಲ್ಲಿ ಯಾವ ಮನೆಯವರೂ ಗೋಬರ್ ಗ್ಯಾಸಿನ ಹೆಸರೆತ್ತುತ್ತಿರಲಿಲ್ಲ.

ರೇವಣಸಿದ್ದಯ್ಯ ಆ ಕ್ಷಣವೇ ಸೈಕಲ್ ಹತ್ತಿ ಬಿಳಿಗೆರೆಗೆ ಬಂದ. ಪೈಪಿನ ಕೀಲುಗಳನ್ನು ತಡವಿ ನೋಡುತ್ತಿದ್ದಾಗ ಪಕ್ಕದಲ್ಲಿ ಕಡ್ಡಿಪೆಟ್ಟಿಗೆಯ ಸದ್ದಾಯಿತು. ವೀರಭದ್ರಯ್ಯ ಕಡ್ಡಿ ಗೀರಲು ಕೈ ಎತ್ತಿದ್ದರು.

“ಅಣ್ಣ, ಬ್ಯಾಡ!” ಎಂದು ಅವನು ಅವರ ಮುಂಗೈ ಗಟ್ಟಿಯಾಗಿ ಹಿಡಿದ.

“ಎಲ್ಲಿ ಸೋರ್ತದೋ ನೋಡಾನ ಅಂತ...”

“ಸೋರ್ತಿದ್ರೆ ಮನೆಗೇ ಬೆಂಕಿ ಹತ್ತೋದು. ಸೋರೋದು ನೋಡಾಕೆ ಸೋಪಿನ ನೀರು. ಬೆಂಕಿ ಅಲ್ಲ.”

ಅವನು ಕಡ್ಡಿಪೆಟ್ಟಿಗೆ ಕಸಿದು ಜೇಬಿಗೆ ಹಾಕಿಕೊಂಡ. ಸೋಪಿನ ನೊರೆ ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಪೈಪಿನಲ್ಲಿ ನೀರು ನಿಂತಿರಲಿಲ್ಲ. ಒಲೆಯ ತೂತುಗಳು ಚೊಕ್ಕಟವಾಗಿದ್ದವು. ಸೆಗಣಿ ದಿನವೂ ಬೀಳುತ್ತಿತ್ತು. ಎಲ್ಲವೂ ಸರಿಯಿದೆ, ಗ್ಯಾಸಿಲ್ಲ. ಸೆಗಣಿ ಕಲಸುವ ಗುಂಡಿಯ ದಂಡೆ ಮೇಲೆ ತಲೆ ಹಿಡಿದು ಕುಳಿತ. ಅಲ್ಲಿ ಒಣಗಿದ ಬಿಳಿ ಪೊರೆಯೊಂದು ಕಣ್ಣಿಗೆ ಬಿತ್ತು. ಬೆರಳಲ್ಲಿ ಕೆರೆದು ನಾಲಿಗೆಗೆ ಇಟ್ಟುಕೊಂಡ.

“ಅಯ್ಯೋ ಶಿವನೇ, ಏನ್ ತಿಂತಿದೀಯಪ್ಪ!” ಎಂದರು ವಿಮಲಮ್ಮ.

“ಉಪ್ಪು ಕಣಕ್ಕ. ಇದಕ್ಕೆ ಉಪ್ಪು ಹಾಕಿದ್ದು ಯಾರು?”

ವಿಮಲಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ವೀರಭದ್ರಯ್ಯ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು.

“ಮರದ ಪಾತಿಗೆ ಹಾಕೋ ಉಪ್ಪು ಕಣಪ್ಪ. ದಿನಾ ಎರಡು ಸೇರು. ಜತೆಗೆ ಒಂದಿಷ್ಟು ಬೇವಿನ ಹಿಂಡಿ. ಗ್ಯಾಸು ಹೀರ್ಕೊಂಡ ಸತ್ವ ವಾಪಸ್ ತುಂಬ್ಲಿ ಅಂತ...”

ರೇವಣಸಿದ್ದಯ್ಯನಿಗೆ ಸಿಟ್ಟು ನೆತ್ತಿಗೇರಿತು. ನುಂಗಿಕೊಂಡ. ವಿಮಲಮ್ಮನವರತ್ತ ತಿರುಗಿ, “ಅಕ್ಕ, ಮಾವಿನಕಾಯಿ ಹಂಗೇ ಇಟ್ರೆ ಕೊಳೀತದೆ. ಉಪ್ಪಿನಕಾಯಿ ಯಾಕೆ ಕೊಳಿಯಲ್ಲ?” ಎಂದು ಕೇಳಿದ.

“ಉಪ್ಪು ಬಿದ್ದಮೇಲೆ ಹೆಂಗೆ ಕೊಳೀತದೆ?”

“ಇಲ್ಲೂ ಅಷ್ಟೇ. ತೊಟ್ಟಿ ಒಳಗೆ ಕಣ್ಣಿಗೆ ಕಾಣದ ಜೀವ ಇದಾವೆ, ಮೊಸರಿನ ಹೆಪ್ಪು ಇದ್ದಂಗೆ. ಅವು ಸೆಗಣಿ ಕೊಳೆಸಿದ್ರೇನೇ ಗ್ಯಾಸು. ಅಣ್ಣ ಎರಡು ತಿಂಗಳಿಂದ ಸೆಗಣಿ ಉಪ್ಪಿನಕಾಯಿ ಹಾಕವ್ರೆ!”

ವಿಮಲಮ್ಮನವರಿಗೆ ನಗುವೂ ಬಂತು, ಅಳುವೂ ಬಂತು.

ಮರುದಿನದಿಂದ ಮನೆಮಂದಿಯೆಲ್ಲ ಸೇರಿ ತೊಟ್ಟಿಯ ಮುಕ್ಕಾಲು ಬಗ್ಗಡ ತೋಡಿ ಹಾಕಿದರು. ಹೊಸ ಸೆಗಣಿ, ಅಷ್ಟೇ ನೀರು. ಆದರೆ ಹೆಪ್ಪು ಬೇಕಲ್ಲ? ರೇವಣಸಿದ್ದಯ್ಯ ತನ್ನ ಮನೆಯ ತೊಟ್ಟಿಯಿಂದಲೇ ಗಾಡಿ ತುಂಬ ಹಳೆಯ ಬಗ್ಗಡ ತಂದು ಸುರಿದ. ಅವನ ಮನೆಯ ಉರಿ ಕುಗ್ಗಿತು. ಶಿವರುದ್ರಮ್ಮ ಮತ್ತೆ ಸೌದೆ ಒಟ್ಟಿದರು, ಮತ್ತೆ ಕೆಮ್ಮಿದರು.

“ತಪ್ಪಾಯ್ತು ಕಣವ್ವ,” ಎಂದ ಮಗ.

“ನಂದು ನಾಕು ದಿನದ ಕೆಮ್ಮು. ಆ ಹೆಣ್ಮಗಳ ಕಣ್ಣು ಹೋದ್ರೆ ಬತ್ತದಾ? ಹೋಗು, ಕೆಲಸ ನೋಡು,” ಎಂದರು.

ವಿಮಲಮ್ಮ ಡ್ರಮ್ಮಿನ ಮೇಲೆ, ತೊಟ್ಟಿಯ ಅಂಚಿನ ಮಟ್ಟಕ್ಕೆ, ಸುಣ್ಣದಲ್ಲಿ ಒಂದು ಗೆರೆ ಎಳೆದರು. ಐದನೇ ದಿನ ಗೆರೆ ಇದ್ದಲ್ಲೇ ಇತ್ತು. ಏಳನೇ ದಿನವೂ ಅಷ್ಟೇ. ವೀರಭದ್ರಯ್ಯ ಊಟ ಬಿಟ್ಟು ತೊಟ್ಟಿ ಸುತ್ತಲೇ ಓಡಾಡುತ್ತಿದ್ದರು. ಒಂಬತ್ತನೇ ದಿನ ಗೆರೆ ಎರಡು ಬೆರಳು ಮೇಲೆ ಬಂದಿತ್ತು. ಮೊದಲು ಬರುವ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ, ಹಚ್ಚಬಾರದು ಎಂದು ರೇವಣಸಿದ್ದಯ್ಯ ಅದನ್ನು ಹೊರಗೆ ಬಿಟ್ಟುಬಿಟ್ಟ. ಅದನ್ನು ನೋಡಿ ವೀರಭದ್ರಯ್ಯ, “ಬಂದಿದ್ದೂ ಹೋಯ್ತಲ್ಲಪ್ಪ!” ಎಂದರು.

ಸೋಮವಾರ ಬಂತು. ಜಗಲಿ ತುಂಬ ಜನ, ಅಡುಗೆಮನೆ ಬಾಗಿಲಲ್ಲೂ ಜನ. ವಿಮಲಮ್ಮ ಕಡ್ಡಿ ಗೀರಿ ಒಲೆಯ ತಿರುಪು ತಿರುಗಿಸಿದರು. ಪುಸ್ಸೆಂದು ಕಡ್ಡಿ ಆರಿತು. ಯಾರೋ ನಕ್ಕರು. ಎರಡನೆಯದೂ ಆರಿತು. ರೇವಣಸಿದ್ದಯ್ಯ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಮೂರನೇ ಕಡ್ಡಿಗೆ ಒಲೆಯ ಸುತ್ತ ನೀಲಿ ಹೂವು ಅರಳಿತು.

“ಹತ್ತಿದ್ದೇನೋ ಸರಿ,” ಎಂದ ಸಣ್ಣತಿಮ್ಮಯ್ಯ, ಜಗಲಿಗೆ ಬಂದು ಕೂತು. “ಆವತ್ತು ನಿಂತಿದ್ದು ಯಾಕೆ? ಬೆಸುಗೆ ಕೆಟ್ಟದ್ದೇ ಇರ್ಬೇಕು. ನಾಳೆ ನಮ್ಮನೇಲೂ ನಿಂತ್ರೆ?”

ಎಲ್ಲರೂ ರೇವಣಸಿದ್ದಯ್ಯನನ್ನು ನೋಡಿದರು. ಒಂದು ಮಾತು ಹೇಳಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಊಟ ಹಾಕಿದ ಮನೆಯ ಯಜಮಾನನ ಮಾನವನ್ನು ಅವರ ಜಗಲಿಯಲ್ಲೇ ಕಳೆಯಲು ಅವನಿಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿದ. ಸಣ್ಣತಿಮ್ಮಯ್ಯ ಎದ್ದು ಚಪ್ಪಲಿ ಮೆಟ್ಟಿದ. ಅವನ ಹಿಂದೆ ಇನ್ನಿಬ್ಬರು ಎದ್ದರು.

“ಕೂತ್ಕಳ್ರಪ್ಪ,” ಎಂದರು ವೀರಭದ್ರಯ್ಯ. “ಅವನ ಬೆಸುಗೆ ಸರಿಯಾಗೇ ಇತ್ತು. ಕೆಟ್ಟಿದ್ದು ನನ್ನ ಬುದ್ಧಿ. ಯಾರ್ನೂ ಕೇಳ್ದೆ ತೊಟ್ಟಿಗೆ ಉಪ್ಪು ಸುರಿದೋನು ನಾನು.”

ಅಷ್ಟರಲ್ಲಿ ವಿಮಲಮ್ಮ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದರು. ಮೊದಲ ಲೋಟ ಗಂಡನಿಗೇ ಕೊಟ್ಟರು.

“ಉಪ್ಪು ತಿಂದೋರು ನೀರು ಕುಡೀಲೇಬೇಕು ಕಣ್ರೀ. ನೀವು ಕಾಫಿನೇ ಕುಡೀರಿ, ಬಿಸಿಯಾಗಿದೆ.”

ಸಣ್ಣತಿಮ್ಮಯ್ಯ ಚಪ್ಪಲಿ ಬಿಟ್ಟು ಕುಳಿತ. “ಸಿದ್ದಯ್ಯನೋರೇ, ನಮ್ಮನೆ ಗುಂಡಿ ಯಾವಾಗ ತೋಡ್ಸಾನ?” ಎಂದ. “ಸೆಗಣಿ” ಎಂಬುದು ಅಂದು ಹೆಸರಿನಿಂದ ಉದುರಿಹೋಯಿತು.

ಅಣ್ಣಂದಿರೇ, ಅಕ್ಕಂದಿರೇ, ಗೋಬರ್ ಗ್ಯಾಸಿನ ತೊಟ್ಟಿಗೆ ಬೇಕಾದದ್ದು ಸೆಗಣಿ ಮತ್ತು ಅಷ್ಟೇ ನೀರು. ಉಪ್ಪು, ಬೇವಿನ ಹಿಂಡಿ, ಸೋಪಿನ ನೀರು, ಫಿನಾಯಿಲು ಅದರೊಳಗೆ ಬೀಳದಿರಲಿ. ಮರಕ್ಕೆ ಉಪ್ಪು ಹಾಕುವವರು ನೇರವಾಗಿ ಪಾತಿಗೇ ಹಾಕಿ. ಹೊರಬಂದ ಬಗ್ಗಡ ಒಳ್ಳೆಯ ಗೊಬ್ಬರ, ಅದನ್ನೂ ಮರಕ್ಕೇ ಕೊಡಿ. ಸೋರಿಕೆ ನೋಡಲು ಪೈಪಿನ ಮೇಲೆ ಸೋಪಿನ ನೊರೆ ಹಚ್ಚಿ, ಕಡ್ಡಿ ಮಾತ್ರ ಗೀರಬೇಡಿ. ಅನುಮಾನ ಬಂದರೆ ಕೇಳಿ, ಕೇಳಿದರೆ ಯಾರ ಮಾನವೂ ಹೋಗುವುದಿಲ್ಲ.

ಇಷ್ಟು ಓದಿದ ಮೇಲೆ ಈ ಹಾಳೆಯನ್ನು ಮಡಿಸಿಟ್ಟು ಒಮ್ಮೆ ಅಡುಗೆಮನೆಗೆ ಹೋಗಿ. ಅಲ್ಲಿ ಒಲೆ ಮುಂದೆ ಕುಳಿತವರ ಕಣ್ಣು ನೋಡಿ. ಆಮೇಲೆ ನಿಮಗೆ ಯಾರೂ ಏನೂ ಹೇಳಬೇಕಾಗಿಲ್ಲ.