ಎರಡೂ ಕಡೆಯ ಭಾಷಣ

ನನಗೆ ಮೂಗಿನ ತುದಿಯಲ್ಲೇ ಕೋಪ, ಕಾಲೇಜಿಗೆಲ್ಲ ಗೊತ್ತು. ಆದರೆ ದಯಾನಂದ್ ಸಾರ್ ಮೇಲೆ ಕೋಪ ಬರುವ ದಿನವೂ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ, ಹೇಳಿದವರ ಮೇಲೇ ಎಗರಿ ಬೀಳುತ್ತಿದ್ದೆ.

ರಾಮನಗರದಲ್ಲಿ ಜಿಲ್ಲಾ ಮಟ್ಟದ ಚರ್ಚಾಸ್ಪರ್ಧೆ ಇತ್ತು. ವಿಷಯ: ಮನುಷ್ಯರನ್ನು ಅಂತರಿಕ್ಷಕ್ಕೆ ಕಳಿಸುವ ಕೆಲಸ ಸರ್ಕಾರದ ಕೈಯಲ್ಲೇ ಇರಬೇಕು. ಮೊದಲ ಬಹುಮಾನ ಬಂದವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ, ಗಗನಯಾತ್ರಿಗಳು ತರಬೇತಿ ಪಡೆಯುವ ಜಾಗ ತೋರಿಸುತ್ತಾರಂತೆ. ಕೇಳಿದ ದಿನದಿಂದ ನನಗೆ ಅದೇ ಹುಚ್ಚು. ಮೇಲೆ ಹೋದವರನ್ನು ಕೂದಲು ಕೊಂಕದಂತೆ ಕೆಳಗೆ ತರುತ್ತಾರಲ್ಲ, ಅದು ಹೇಗೆ ಎಂದು ಕಣ್ಣಾರೆ ನೋಡಬೇಕಿತ್ತು.

ಪ್ರತಿ ಕಾಲೇಜಿನಿಂದ ಪರ ಒಬ್ಬರು, ವಿರೋಧ ಒಬ್ಬರು. ನಮ್ಮ ಕನಕಪುರದ ಕಾಲೇಜಿನಿಂದ ಪರ ನಾನು, ವಿರೋಧ ಮಧು. ಅವನು ಕುದೂರಿನ ಕಡೆಯವನು, ಹಾಸ್ಟೆಲ್ ಹುಡುಗ, ಈ ವರ್ಷವಷ್ಟೇ ಸೇರಿದ್ದ. ಇಬ್ಬರಿಗೂ ಭಾಷಣ ಬರೆದುಕೊಡುವವರು ಕನ್ನಡದ ದಯಾನಂದ್ ಸಾರ್ ಒಬ್ಬರೇ. ಎಲ್ಲ ಕಡೆಯೂ ಹಾಗೇ ನಡೆಯುವುದು. ಮೇಷ್ಟ್ರು ಎರಡನ್ನೂ ಬರೆಯುತ್ತಾರೆ, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಅದರಲ್ಲಿ ತಪ್ಪೇನಾದರೂ ಇದೆಯೆಂದು ನನಗೆ ಅನಿಸಿರಲೇ ಇಲ್ಲ.

ಸಾರ್ ನಮಗೆ ಬರೀ ಮೇಷ್ಟ್ರಲ್ಲ. ಅಪ್ಪ ಕಲ್ಲು ಕ್ವಾರಿಯಲ್ಲಿ ಸತ್ತ ಮೇಲೆ ಅಮ್ಮ ನನ್ನನ್ನು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹಾಕಲು ಹೊರಟಿದ್ದಳು. ಸಾರ್ ಮನೆಗೇ ಬಂದು, ನೆಲದ ಮೇಲೆ ಕುಳಿತು, ಅಮ್ಮನನ್ನು ಒಪ್ಪಿಸಿ ನನ್ನನ್ನು ಪಿಯುಸಿಗೆ ಸೇರಿಸಿದರು. ಅದಕ್ಕೇ, ಯಾರಿಗೂ ಹೇಳದ ಮಾತನ್ನು ಅವರಿಗೆ ಹೇಳಿದೆ.

ಆವತ್ತು ಕ್ವಾರಿಯಲ್ಲಿ ಬಂಡೆಗೆ ತುಂಬಿದ್ದ ಒಂದು ಮದ್ದು ಸಿಡಿದಿರಲಿಲ್ಲ. ಕಾಯಬೇಕಿತ್ತು. ಲಾರಿ ನಿಂತಿದೆ, ಹೋಗಿ ಎಂದ ಮಾಲೀಕ. ಅಪ್ಪನಿಗೆ ಒಂದು ರೂಢಿ, ಬಂಡೆ ಹತ್ತುವ ಮುಂಚೆ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದ. ಆವತ್ತೂ ಬಿಟ್ಟು ಹತ್ತಿದ. ಮನೆಗೆ ಬಂದದ್ದು ಚಪ್ಪಲಿ ಮಾತ್ರ.

"ಸರ್ಕಾರದ ಗಗನಯಾನ ಮುಂದಕ್ಕೆ ಹೋಯ್ತು ಅಂದ್ರೆ ಎಲ್ಲ ನಗ್ತಾರೆ ಸಾರ್. ನಂಗೆ ಮಾತ್ರ ಸಮಾಧಾನ ಆಯ್ತದೆ. ಸರಿಯಾಗೋಗಂಟ ಕಾಯ್ತಾವ್ರಲ್ಲ ಅಂತ. ಲಾಭ ನೋಡೋನು ಕಾಯಾಕಿಲ್ಲ ಸಾರ್. ಇದ್ನೇ ಹೇಳ್ಳಾ?" ಎಂದೆ.

ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. "ಬೇಡಮ್ಮ ಶ್ವೇತ. ಮನೆ ದುಃಖ ವೇದಿಕೆಗೆ ತರಬಾರದು. ಜಡ್ಜುಗಳಿಗೆ ಇಷ್ಟ ಆಗಲ್ಲ," ಎಂದರು. ಸರಿ ಎಂದು ಬಿಟ್ಟೆ.

ಸ್ಪರ್ಧೆಯ ದಿನ ನಾನು ಚೆನ್ನಾಗಿಯೇ ಮಾತಾಡಿದೆ. ತೆರಿಗೆ ಕೊಟ್ಟವರ ಹಕ್ಕು, ದೇಶದ ಹೆಮ್ಮೆ, ದುಡ್ಡಿದ್ದವರ ಮೋಜಿಗೆ ಆಕಾಶ ಬಿಟ್ಟುಕೊಡಬಾರದು, ಎಲ್ಲ ಒಪ್ಪಿಸಿದೆ. ಆಮೇಲೆ ಮಧು ಎದ್ದ. ಖಾಸಗಿಯವರು ಕಡಿಮೆ ಖರ್ಚಿನಲ್ಲಿ ರಾಕೆಟ್ ಮಾಡುತ್ತಾರೆ, ಹಾರಿಸಿದ್ದನ್ನೇ ಇಳಿಸಿ ಮತ್ತೆ ಹಾರಿಸುತ್ತಾರೆ ಎಂದೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿದ.

"ಸರ್ಕಾರ ಕಾಯುತ್ತದೆ, ಆದ್ದರಿಂದ ಜೀವ ಉಳಿಯುತ್ತದೆ ಎನ್ನುವವರಿದ್ದಾರೆ. ನಮ್ಮ ಜಿಲ್ಲೆಯ ಕ್ವಾರಿಯೊಂದರಲ್ಲಿ ಒಬ್ಬ ಕೂಲಿಯಾಳು ಸತ್ತ. ಆ ಕ್ವಾರಿಗೆ ಪರವಾನಗಿ ಕೊಡುವಾಗ ಸರ್ಕಾರ ಕಾಯಲಿಲ್ಲ. ಪರಿಹಾರ ಕೊಡಲು ಮಾತ್ರ ಇನ್ನೂ ಕಾಯುತ್ತಿದೆ. ಅವನು ಕೈ ಮುಗಿದು ಬಿಟ್ಟುಹೋದ ಚಪ್ಪಲಿಯೂ ಬಂಡೆಯ ಕೆಳಗೆ ಇನ್ನೂ ಕಾಯುತ್ತಿದೆ!"

ಸಭೆಗೆ ಸಭೆಯೇ ಚಪ್ಪಾಳೆ. ಪಾಪ, ಮಧುಗೇನು ಗೊತ್ತು, ಕೊಟ್ಟದ್ದನ್ನು ಒಪ್ಪಿಸಿದ. ಕ್ವಾರಿ ಎಂದಾಗಲೇ ನಾನು ಸಾರ್ ಕಡೆ ತಿರುಗಿದ್ದೆ. ಮೊದಲ ಸಾಲಿನಲ್ಲಿ ಕುಳಿತು ಮಧುವಿನ ಜೊತೆ ತುಟಿ ಅಲ್ಲಾಡಿಸುತ್ತಿದ್ದರು. ನಮ್ಮಪ್ಪನ ಚಪ್ಪಲಿ ಅವರ ಬಾಯಲ್ಲಿತ್ತು. ಥೂ.

ಪರ ಮಾತಾಡಿದವರು ಉತ್ತರ ಕೊಡಲು ಒಂದು ನಿಮಿಷ. ಸಾರ್ ಅದಕ್ಕೂ ಬರೆದುಕೊಟ್ಟಿದ್ದರು. ಅದರ ಒಂದಕ್ಷರವೂ ಬಾಯಿಗೆ ಬರಲಿಲ್ಲ.

"ಆ ಕೂಲಿಯಾಳಿನ ಹೆಸ್ರು ಬಾಲರಾಜು. ನಮ್ಮಪ್ಪ. ಚಪ್ಪಲಿ ಬಂಡೆ ಕೆಳಗಿಲ್ಲ, ನಮ್ ಮನೇಲೈತೆ. ಆವತ್ತು ಒಸಿ ಹೊತ್ತು ಕಾಯಿ ಅಂದಿದ್ರೆ ನಮ್ಮಪ್ಪ ಇರ್ತಿದ್ರು. ಅದ್ಕೇ ನಾನು ಕಾಯೋರ ಪರ," ಎಂದು ಕುಳಿತುಬಿಟ್ಟೆ.

ಮೊದಲ ಬಹುಮಾನ ನನಗೇ ಬಂತು.

ಮೆಟ್ಟಿಲ ಹತ್ತಿರ ಸಾರ್ ನಗುತ್ತಾ ಬಂದರು. "ನೋಡಿದ್ಯಾ? ನೀನಾಗೇ ಹೇಳಿದ್ರೆ ಅಳುಬುರುಕಿ ಅಂತಿದ್ರು. ಅವನು ಕೆಣಕಿ ನೀನು ಹೇಳಿದ್ದಕ್ಕೆ ಫಸ್ಟ್ ಬಂತು. ನಂಗೆ ಮೊದಲೇ ಗೊತ್ತಿತ್ತು."

"ಒಂದ್ ಮಾತು ಹೇಳ್ಬೋದಿತ್ತಲ್ಲ ಸಾರ್."

"ಹೇಳಿದ್ರೆ ನಿಂಗೆ ಹಂಗೆ ಕೋಪ ಬರ್ತಿತ್ತಾ?" ಎಂದು ನನ್ನ ತಲೆ ಸವರಿ, ಫೋಟೋ ತೆಗೆಸಿಕೊಳ್ಳಲು ಹೋದರು.

ಮಧು ಗೆದ್ದಿದ್ದರೆ ಅವನ ತಲೆಯನ್ನೂ ಹೀಗೇ ಸವರುತ್ತಿದ್ದರು. ಅಪ್ಪ ಸತ್ತದ್ದು ಅವರಿಗೆ ಎರಡೂ ಕಡೆ ಹೊಂದುವ ಒಳ್ಳೇ ಪಾಯಿಂಟು ಅಷ್ಟೇ. ಬಸ್ಸಿನಲ್ಲಿ ಬರುತ್ತಾ ನಂಬಿ ಕೆಟ್ಟೆ ಎಂದು ಜೋರಾಗಿ ಕೂಗಬೇಕೆನಿಸಿತು.

ಮನೆಯಲ್ಲಿ ಅಮ್ಮ ಬಹುಮಾನದ ಕಪ್ಪನ್ನು ಸೆರಗಿನಲ್ಲಿ ಒರೆಸಿ ಅಪ್ಪನ ಫೋಟೋ ಮುಂದಿಟ್ಟಳು. "ಏನ್ ಮಾತಾಡ್ದವ್ವ? ನಂಗೂ ಒಸಿ ಹೇಳು," ಎಂದಳು. ನಾನು ತೆರಿಗೆ, ದೇಶದ ಹೆಮ್ಮೆ, ಅಷ್ಟನ್ನೇ ಹೇಳಿದೆ. ಅರ್ಥವಾಗದಿದ್ದರೂ ಅಮ್ಮನ ಕಣ್ಣು ತುಂಬಿತು.

"ಎಷ್ಟ್ ಚೆಂದಾಗಿ ಬರ್ಕೊಟ್ಟವ್ರೆ ಮೇಷ್ಟ್ರು! ಕಜ್ಜಾಯ ಸುಡ್ತೀನಿ, ನಾಳೀಕೆ ತಕ್ಕೊಂಡೋಗಿ ಕೊಟ್ಟು ಕಾಲ್ಗೆ ಬಿದ್ದು ಬಾ. ಬೆಂಗ್ಳೂರ್ಗೂ ಅವ್ರೇ ಕರ್ಕೊಂಡೋಗ್ತಾರಂತೆ, ಫೋನ್ ಮಾಡಿದ್ರು."

"ನಾ ಬೀಳಾಕಿಲ್ಲ. ಅವ್ರ ಜೊತೆ ಬೆಂಗ್ಳೂರ್ಗೂ ಹೋಗಾಕಿಲ್ಲ."

ಅಪ್ಪ ಹೋದ ಮೇಲೆ ಒಂದು ದಿನವೂ ನನ್ನ ಮೇಲೆ ಕೈ ಎತ್ತದ ಅಮ್ಮ ಕೆನ್ನೆಗೆ ಫಟೀರನೆ ಬಾರಿಸಿದಳು. "ಮಾಡಿದ್ದ ಮರ್ತೋಳೇ! ಯಾಕೆ ಹೋಗಾಕಿಲ್ಲ? ಬೊಗ್ಳು!"

ಹೇಳಬಹುದಿತ್ತು. ಹೇಳಿದರೆ ಆ ಸಭೆ, ಆ ಚಪ್ಪಾಳೆ ಎಲ್ಲ ಅವಳ ಎದೆಯೊಳಗೆ ಹೋಗಿ ಕೂರುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಮ್ಮನೇ ಹತ್ತಿರ ಬಂದು, ಹೊಡೆದ ಕೆನ್ನೆ ಸವರಿದಳು. "ಅಪ್ಪ ಇಲ್ದಿರೋ ಮಗೀಗೆ ಅಪ್ಪನಂಗೆ ನಿಂತೋರು ಕಣವ್ವ ಅವ್ರು," ಎಂದಳು.

ನಾನು ಹ್ಞೂಂ ಎಂದೆ.