ಚಿಯೊಳ ಕಲ್ಲಿನ ಮೇಲಿನ ಬೂದಿ

ಬೆಂಕಿಕಡ್ಡಿ ಗೀರಿದಾಗಿನ ಘಾಟು ಒದ್ದೆ ಹತ್ತಿಬಟ್ಟೆಗೆ ಹತ್ತಿಕೊಂಡರೆ ಎಂಥ ವಾಸನೆಯೋ, ಶಿನೊಬುವಿನ ಬಾಲ್ಯಕ್ಕೆಲ್ಲ ಅದೇ ವಾಸನೆ. ಸಕುರಾಜಿಮಾ ಜ್ವಾಲಾಮುಖಿ ಬೂದಿ ಉಗುಳಿದ ದಿನ ಅಮ್ಮ ಬಟ್ಟೆ ನೆನೆಸಿ, ಹಿಂಡಿ, ಇಬ್ಬರು ಹೆಣ್ಣುಮಕ್ಕಳ ಮೂಗುಬಾಯಿಗೂ ಕಟ್ಟಿ ಶಾಲೆಗೆ ಕಳಿಸುತ್ತಿದ್ದಳು. ಒಂದು ದಿನ ಶಿನೊಬು ತನ್ನದನ್ನು ದಾರಿಯಲ್ಲಿ ಕಳೆದುಕೊಂಡು, ತಂಗಿಯದನ್ನು ಬಿಚ್ಚಿ ತಾನು ಕಟ್ಟಿಕೊಂಡಳು. ಆರು ವರ್ಷದ ಚಿಯೊಗೆ ಮೊದಲೇ ಉಬ್ಬಸ. ಮೂರನೆಯ ದಿನ ಮನೆಯಲ್ಲಿ ಕೆಮ್ಮು ನಿಂತಿತು.

ಈಗ ಶಿನೊಬುವಿಗೆ ಎಪ್ಪತ್ತೊಂದು. ಆದರೂ ಬೂದಿ ಬೀಳುವ ದಿನ ಆ ಕೆಮ್ಮು ಕೇಳುತ್ತದೆ: ಎರಡು ಸಣ್ಣ ಕೆಮ್ಮು, ಒಂದು ಉಸಿರಿನ ಎಳೆತ. ಚಿಯೊಳ ಸಮಾಧಿಯ ಕಲ್ಲು ತೊಳೆದು ಹೂ ಬದಲಿಸಿದ ಮೇಲೆಯೇ ನಿಲ್ಲುತ್ತದೆ. ಬೂದಿ ತಾಗದಿರಲೆಂದು ಊರವರು ಸಮಾಧಿಗಳಿಗೆ ಮಾಡು ಕಟ್ಟಿಸಿದ್ದಾರೆ. ಗಾಳಿ ಮಾಡಿನ ಮಾತು ಕೇಳುವುದಿಲ್ಲ.

ಹೋದ ತಿಂಗಳು ಡಾಕ್ಟರು ಅವಳ ಎದೆಯ ಚಿತ್ರ ತೋರಿಸಿ ಹೇಳಿದ್ದರು: "ಬೂದಿ ಬಿದ್ದ ದಿನ ಹೊಸ್ತಿಲು ದಾಟಬೇಡಿ. ಇನ್ನೊಂದು ಸಲ ಉಸಿರು ಕಟ್ಟಿದ್ರೆ ನನ್ನ ಕೈಲಿ ಏನೂ ಇರಲ್ಲ."

ಇವತ್ತು ಬೆಳಿಗ್ಗೆ ಗಾಳಿ ಊರ ಕಡೆಗೆ ತಿರುಗಿತು. ಶಿನೊಬು ಕಿಟಕಿಗಳನ್ನು ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಒಳಗೇ ಕುಳಿತಳು. ಹತ್ತು ಗಂಟೆಗೆ ಆ ಕೆಮ್ಮು ಕೇಳತೊಡಗಿತು. ಹನ್ನೊಂದಕ್ಕೆ ಅವಳು ಮಾಸ್ಕ್ ಬಿಗಿದು, ಟವೆಲನ್ನು ಕಾಲಿನಿಂದ ಸರಿಸಿ ಹೊರಟೇಬಿಟ್ಟಳು.

ಹಗಲಲ್ಲೇ ಕಾರುಗಳು ದೀಪ ಹಾಕಿಕೊಂಡು ಹೋಗುತ್ತಿದ್ದವು. ಸಮಾಧಿಗಳ ಗುಡ್ಡದ ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಸೂಜಿಯ ಕಣ್ಣಿನಷ್ಟು ಕಿರಿದಾಯಿತು. ಮೇಲೆ ಬೂದಿಯೊಳಗಿಂದ ಎರಡು ಸಣ್ಣ ಕೆಮ್ಮು, ಒಂದು ಎಳೆತ.

"ಬಂದೆ ಕಣೆ," ಎಂದಳು. ದನಿ ಹೊರಡಲಿಲ್ಲ.

ಕಂಬಿ ಹಿಡಿದು ಹಿಡಿದು ಹತ್ತಿದರೆ, ಚಿಯೊಳ ಕಲ್ಲು ಆಗಲೇ ಒದ್ದೆಯಾಗಿ ಹೊಳೆಯುತ್ತಿತ್ತು. ಹೊಸ ಸೇವಂತಿಗೆ. ಕಲ್ಲಿನ ಮುಂದೆ ಯಾರೋ ಕುಕ್ಕರಗಾಲಿನಲ್ಲಿ ಕೂತಿದ್ದರು. ಒಂದು ಗಳಿಗೆ ಆ ಬೆನ್ನು ಮಗುವಿನದಷ್ಟು ಚಿಕ್ಕದಾಗಿ ಕಂಡಿತು. ತಿರುಗಿದಾಗ ನೋಡಿದರೆ ಮೆಟ್ಟಿಲ ಬುಡದಲ್ಲಿ ಹೂ ಮಾರುವ ಮಿನೆಕೊ.

"ಶಿನೊಬಕ್ಕ, ಡಾಕ್ಟರ ಮಾತು ಕಿವಿಗೆ ಹೋಗಲ್ವೋ, ಇಲ್ಲ ಕಿವೀಲೂ ಬೂದಿನೋ? ನೀವು ಬರಬಾರದೂಂತ ನಾನು ಬೇಗ ಬಂದ್ರೆ..."

"ನೀನು ಕೆಮ್ಮಿದ್ಯಾ?"

"ನಾನ್ಯಾಕೆ ಕೆಮ್ಲಿ? ಒಂದರ ಮೇಲೊಂದು ಮಾಸ್ಕ್ ಹಾಕಿದೀನಿ."

ಗುಡ್ಡದಲ್ಲಿ ಬೇರೆ ಯಾರೂ ಇರಲಿಲ್ಲ. ಮಿನೆಕೊ ಅವಳನ್ನು ತೋಳು ಹಿಡಿದು ಇಳಿಸಿ, ಅಂಗಡಿಯೊಳಗೆ ಕೂರಿಸಿ ಬಾಗಿಲು ಹಾಕಿದಳು. ಕಣ್ಣುಜ್ಜಲು ಹೋದ ಕೈಯನ್ನು ತಡೆದು, ಕಣ್ಣಿಗೆ ನೀರು ಹಾಕಿ ತೊಳೆದಳು. ಬಾಯಿ ಮುಕ್ಕಳಿಸಲು ಕೊಟ್ಟಳು. ಉಬ್ಬಸದ ಪಂಪನ್ನು ಮೂರು ಸಲ ಎಳೆದ ಮೇಲೆ ಶಿನೊಬುವಿಗೆ ಮಾತು ಬಂತು.

"ಅವಳ ಬಟ್ಟೆ ನಾನೇ ಕಿತ್ಕೊಂಡಿದ್ದು. ಅಮ್ಮನಿಗೂ ಹೇಳಿಲ್ಲ."

ಮಿನೆಕೊ ಹೂವಿನ ತೊಟ್ಟು ಕತ್ತರಿಸುತ್ತಲೇ ಇದ್ದಳು. "ನಿಮಗಾಗ ಎಷ್ಟು ವರ್ಷ?"

"ಒಂಬತ್ತು."

"ಹೂಂ." ಇನ್ನೊಂದು ತೊಟ್ಟು ಬಿತ್ತು. "ಇನ್ಮೇಲೆ ಬೂದಿ ಬಿದ್ದ ದಿನ ಕಲ್ಲು ತೊಳೆಯೋದು ನಂದು. ಮೊದ್ಲು ನೀರು ಚಿಮುಕಿಸಿ ಆಮೇಲೇ ಒರೆಸ್ತೀನಿ, ಒಂದು ಚೂರೂ ಹಾರೋಕೆ ಬಿಡಲ್ಲ. ನೀವು ಬಂದ್ರೆ ಹೂ ಕೊಡಲ್ಲ, ನೋಡಿ."

"ನೀನು ತೊಳೆದ್ರೆ ಅವಳು ಸುಮ್ಮನಾಗ್ತಾಳಾ?"

"ಈಗ ಕೇಳಿಸ್ತಾ ಇದೆಯಾ?"

ತಗಡಿನ ಮೇಲೆ ಸಣ್ಣ ಉಪ್ಪು ಸುರಿದಂತೆ ಬೂದಿ ಬೀಳುತ್ತಿತ್ತು. ಶಿನೊಬು ಬಹಳ ಹೊತ್ತು ಆಲಿಸಿದಳು.

"ಈಗ ಇಲ್ಲ," ಎಂದಳು.

"ಹಾಗಾದ್ರೆ ಬೂದಿ ನಿಲ್ಲೋತನಕ ಇಲ್ಲೇ ಇರಿ."

ಶಿನೊಬು ಏಳಲಿಲ್ಲ. ಮಿನೆಕೊ ಕೈ ಒರೆಸಿಕೊಂಡು, ಮೇಜಿನ ಕೆಳಗಿನಿಂದ ತನ್ನ ಮಧ್ಯಾಹ್ನದ ಊಟದ ಡಬ್ಬಿ ತೆಗೆದಳು. ಗೆಣಸು ಹಾಕಿ ಬೇಯಿಸಿದ ಅನ್ನ, ಎರಡು ತುಂಡು ಮೂಲಂಗಿ ಉಪ್ಪಿನಕಾಯಿ. ಊಟದ ಕಡ್ಡಿಗಳನ್ನು ಡಬ್ಬಿಯ ಮೇಲಿಟ್ಟು, ಶಿನೊಬುವಿನ ಕೈಗೆ ಕೊಟ್ಟಳು.